ಜಪಾನಿನಲ್ಲಿ ಒಂದು ಹಿಡಿ ಅನ್ನ

ನವೆಂಬರ್ ತಿಂಗಳ ಒಂದು ಬೆಳಗಿನ ಆರು ಗಂಟೆ. ಟೋಕಿಯೊದ ಉಯೆನೊ ನಿಲ್ದಾಣದ ಹತ್ತಿರ ನಾವು ಇಳಿದುಕೊಂಡಿದ್ದ ಬೀದಿಯಲ್ಲಿ ಬಾಗಿಲು ತೆರೆದಿದ್ದುದು ಒಂದೇ ಅಂಗಡಿ. ಹಗಲೂ ರಾತ್ರಿ ಮುಚ್ಚದ ಇಂಥ ಅಂಗಡಿಗಳನ್ನು ಅಲ್ಲಿನವರು ಕೊನ್‌ಬಿನಿ ಎಂದು ಕರೆಯುತ್ತಾರೆ. ವಿಮಾನದಲ್ಲಿ ಸರಿಯಾಗಿ ಊಟವಾಗದೆ ಹೊಟ್ಟೆ ಚುರುಗುಟ್ಟುತ್ತಿತ್ತು. ಒಳಗೆ ಹೋದರೆ ಒಂದು ಕಪಾಟಿನ ತುಂಬ ಅಂಗೈಯಗಲದ ಮುಕ್ಕೋನದ ಪೊಟ್ಟಣಗಳು. ಕಚೇರಿಗೆ ಹೊರಟವರು, ಆಟದ ಅಭ್ಯಾಸಕ್ಕೆ ಹೊರಟ ಶಾಲೆಯ ಹುಡುಗಿಯರು, ಕಟ್ಟಡ ಕೆಲಸದವರು ಒಬ್ಬರ ಹಿಂದೆ ಒಬ್ಬರು ಬಂದು ಎರಡೆರಡು ಎತ್ತಿಕೊಂಡು ಹೋಗುತ್ತಿದ್ದರು. ಅದೇ ಒನಿಗಿರಿ. ಅನ್ನದ ಉಂಡೆ, ನಡುವೆ ಒಂದಿಷ್ಟು ಹೂರಣ, ಹೊರಗೆ ನೋರಿ ಎಂಬ ಕಡಲಪಾಚಿಯ ಹಾಳೆ. ಒಂದಕ್ಕೆ 150 ಯೆನ್‌ನ ಆಸುಪಾಸು, ಅಂದರೆ ನೂರು ರೂಪಾಯಿಯ ಒಳಗೆ.

ಜಪಾನಿನ ಊಟ ಎಂದರೆ ಸುಶಿ ಎಂದುಕೊಂಡೇ ನಾನು ಮನೆ ಬಿಟ್ಟಿದ್ದೆ. ಸಸ್ಯಾಹಾರಿಯಾದ ನನಗೆ ಹತ್ತು ದಿನ ಹೇಗೆ ಕಳೆದೀತೆಂಬ ಅಳುಕು ಇತ್ತು. ಚೀಲದ ತಳದಲ್ಲಿ ಸಾಗರದಿಂದ ಅಮ್ಮ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಇದ್ದವು. ನನ್ನವರು ಕುಂದಾಪುರದ ಕಡೆಯವರು, ಮೀನು ತಿಂದು ಬೆಳೆದವರು. ಅವರಿಗೆ ಆ ಚಿಂತೆಯಿರಲಿಲ್ಲ.

ಪೊಟ್ಟಣ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ 1, 2, 3 ಎಂದು ಅಚ್ಚಾಗಿರುತ್ತದೆ. ನೆತ್ತಿಯ ಮೇಲಿನ ಎಳೆಯನ್ನು ಹಿಡಿದು ಬೆನ್ನಿನವರೆಗೆ ಎಳೆಯಬೇಕು, ಬಳಿಕ ಬಲಮೂಲೆ, ಆಮೇಲೆ ಎಡಮೂಲೆ. ಎರಡು ಪದರದ ಆ ಪ್ಲಾಸ್ಟಿಕ್ ನಡುವೆ ನೋರಿ ಒಣಗಿಯೇ ಕುಳಿತಿರುತ್ತದೆ. ಮೂಲೆ ಎಳೆದಾಗ ಮಾತ್ರ ಅನ್ನಕ್ಕೆ ಅಂಟುತ್ತದೆ. ತೇವ ತಾಗಿದರೆ ನೋರಿ ಮೆತ್ತಗಾಗುತ್ತದೆಂದು 1978ರಲ್ಲಿ ಕೊನ್‌ಬಿನಿಗಳಿಗಾಗಿ ಬಂದ ಉಪಾಯ ಇದು. ಮೊದಲ ಕಚ್ಚಿಗೇ ಹುರಿದ ಹಪ್ಪಳ ಮುರಿದಂಥ ಸದ್ದು ಬಂತು. ಆ ಸದ್ದಿನ ಹಿಂದೆ ತಣ್ಣನೆಯ, ಮೃದುವಾದ ಅನ್ನ. ಅದರ ಹೊಟ್ಟೆಯಲ್ಲಿ ಕೆಂಪಗೆ ಸುಕ್ಕುಗಟ್ಟಿದ ಒಂದು ಹಣ್ಣು. ನಾಲಿಗೆಗೆ ತಾಗಿದ್ದೇ ತಡ, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಷ್ಟು ಹುಳಿ, ಅಷ್ಟು ಉಪ್ಪು.

ಅದು ಉಮೆಬೋಶಿ. ಉಮೆ ಎಂಬ ಹಣ್ಣನ್ನು ಜೂನ್ ತಿಂಗಳಲ್ಲಿ ಕಿತ್ತು ಉಪ್ಪಿನಲ್ಲಿ ಹೂಳುತ್ತಾರೆ. ಅದು ಬಿಟ್ಟ ನೀರಿನಲ್ಲೇ ಅದನ್ನು ಮುಳುಗಿಸಿಟ್ಟು, ಶಿಸೊ ಎಂಬ ಕೆಂಪು ಎಲೆ ಸೇರಿಸಿ, ಮಳೆಗಾಲ ಮುಗಿದ ಮೇಲೆ ಮೂರು ದಿನ ಬಿಸಿಲಿಗೆ ಹಾಕುತ್ತಾರೆ. ನಮ್ಮ ಮನೆಯ ಮಿಡಿಯೂ ಹೀಗೆಯೇ ಭರಣಿಯಲ್ಲಿ ಉಪ್ಪಿನೊಡನೆ ಕುಳಿತು, ತನ್ನದೇ ನೀರಿನಲ್ಲಿ ಚಿರುಟಿ, ಸುಕ್ಕುಗಟ್ಟುತ್ತದೆ. ಉಮೆಬೋಶಿಗೆ ಖಾರವೊಂದಿಲ್ಲ. ಅನ್ನದ ನಡುವೆ ಉಮೆಬೋಶಿಯನ್ನು ಇಟ್ಟರೆ ಅನ್ನ ಬೇಗ ಕೆಡುವುದಿಲ್ಲ ಎಂಬ ನಂಬಿಕೆ ಜಪಾನಿನಲ್ಲಿ ಹಳೆಯದು. ದೂರದ ಊರಿಗೆ ಹೊರಟವರಿಗೆ ನಮ್ಮಲ್ಲಿ ಪುಳಿಯೋಗರೆ ಕಟ್ಟಿಕೊಡುತ್ತಿದ್ದುದಕ್ಕೂ ಇದೇ ಕಾರಣವಲ್ಲವೇ?

ಅಂದಿನಿಂದ ನನ್ನ ಮೊಬೈಲಿನಲ್ಲಿ ಮೂರು ಜಪಾನಿ ಪದಗಳ ಚಿತ್ರ ಇಟ್ಟುಕೊಂಡೆ: ಉಮೆ, ಕೊಂಬು ಎಂಬ ಕಡಲಪಾಚಿ, ಶಿಯೊ ಎಂದರೆ ಬರೀ ಉಪ್ಪು. ಸಸ್ಯಾಹಾರಿಗಳು ನಂಬಬಹುದಾದ ಒನಿಗಿರಿಗಳು ಹೆಚ್ಚುಕಡಿಮೆ ಇವೇ. ಆದರೂ ಹಿಂಬದಿಯ ಬರಹವನ್ನು ಅನುವಾದಿಸಿ ಓದಲೇಬೇಕು, ಏಕೆಂದರೆ ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ಸಾರವನ್ನು ಜಪಾನೀಯರು ನಾವು ಇಂಗು ಹಾಕುವಷ್ಟು ಸಹಜವಾಗಿ ಎಲ್ಲದಕ್ಕೂ ಹಾಕುತ್ತಾರೆ. ನನ್ನವರು ಮಾತ್ರ ದಿನಕ್ಕೊಂದು ಬಗೆ ತಿಂದರು: ಉಪ್ಪು ಹಚ್ಚಿ ಸುಟ್ಟ ಸಾಲ್ಮನ್, ಮೇಯನೇಸ್ ಬೆರೆಸಿದ ಟ್ಯೂನಾ, ಖಾರದ ಮೀನಿನ ಮೊಟ್ಟೆ. ಅವರಿಗೆ ಹಿಡಿಸಿದ್ದು ಸಾಲ್ಮನ್. ಜಪಾನಿನ ಮೊದಲ ಶಾಲಾ ಊಟ ಎನ್ನುವುದೂ ಅದೇ. 1889ರಲ್ಲಿ ಯಾಮಾಗಾತ ಪ್ರಾಂತ್ಯದ ತ್ಸುರುಓಕದಲ್ಲಿ, ಬೌದ್ಧ ದೇವಾಲಯದೊಳಗೆ ನಡೆಯುತ್ತಿದ್ದ ಶಾಲೆಯೊಂದರಲ್ಲಿ, ಬುತ್ತಿ ತರಲಾಗದ ಬಡ ಮಕ್ಕಳಿಗೆ ಒನಿಗಿರಿ, ಸುಟ್ಟ ಉಪ್ಪುಮೀನು, ಉಪ್ಪಿನಕಾಯಿ ಕೊಟ್ಟರು. ಇದನ್ನು ತಿಳಿದಾಗ ನನಗೆ ನಮ್ಮೂರ ಶಾಲೆಯ ಬಿಸಿಯೂಟದ ಸಾಲು ಕಣ್ಣಮುಂದೆ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೂರಣವಲ್ಲ, ಆ ತಣ್ಣನೆಯ ಅನ್ನ. ಆರಿದ ಅನ್ನವೆಂದರೆ ನಮಗೆ ತಂಗಳು. ಒಗ್ಗರಣೆ ಹಾಕಿಯೋ ಮೊಸರು ಕಲಸಿಯೋ ಅದನ್ನು ಉದ್ಧಾರ ಮಾಡುತ್ತೇವೆ. ಹಾಗೆಯೇ ಅತಿಥಿಗೆ ಬಡಿಸುವುದಿಲ್ಲ. ಜಪಾನೀಯರು ಅನ್ನ ಆರಿದ ಮೇಲೂ ರುಚಿಯಾಗಿರಬೇಕೆಂದು ಬಯಸುತ್ತಾರೆ. ಅವರ ಗಿಡ್ಡಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆ. ಅದು ಹೆಚ್ಚಿರುವ ಅಕ್ಕಿಯ ಅನ್ನ ಉದುರುದುರಾಗಿ, ಆರಿದಂತೆ ಬಿರುಸಾಗುತ್ತದೆ. ಕಡಿಮೆಯಿರುವ ಅಕ್ಕಿಯದು ಅಂಟಿಕೊಂಡು ಮೆತ್ತಗೆ ಉಳಿಯುತ್ತದೆ. 1956ರಲ್ಲಿ ನೋಂದಣಿಯಾದ ಕೋಶಿಹಿಕಾರಿ ಎಂಬ ತಳಿಯ ಹೆಸರನ್ನು ಅಲ್ಲಿನವರು ನಾವು ಅಪ್ಪೆಮಿಡಿಯ ಮರದ ಹೆಸರು ಹೇಳುವಷ್ಟು ಅಭಿಮಾನದಿಂದ ಹೇಳುತ್ತಾರೆ. ಕೊನ್‌ಬಿನಿಯ ಒನಿಗಿರಿ ಕಪಾಟನ್ನು ಮುಟ್ಟಿ ನೋಡಿದೆ, ಪಕ್ಕದ ಹಾಲಿನ ಕಪಾಟಿನಷ್ಟು ಕೊರೆಯುತ್ತಿರಲಿಲ್ಲ. ಹೆಚ್ಚು ತಂಪಾದರೆ ಅನ್ನ ಗಟ್ಟಿಯಾಗುತ್ತದೆಂದು ಸುಮಾರು 20 ಡಿಗ್ರಿಯಲ್ಲಿ ಇಡುತ್ತಾರೆ.

ಇನ್ನೊಂದು ಸೋಜಿಗವೂ ಕಂಡಿತು. ಅದು ಕೊಯ್ಲು ಮುಗಿದ ಕಾಲ. ಅಂಗಡಿ ಅಂಗಡಿಯಲ್ಲೂ ‘ಶಿನ್‌ಮೈ’, ಅಂದರೆ ಹೊಸ ಅಕ್ಕಿ, ಎಂಬ ಫಲಕ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಮ್ಮಲ್ಲಿ ವರ್ಷ ಕಳೆದ ಹಳೆ ಅಕ್ಕಿಯನ್ನೇ ಹುಡುಕಿ ತರುತ್ತಾರೆ. ಅಲ್ಲಿ ಅದೇ ಅಂಟಿಗಾಗಿ, ಅದೇ ತೇವಕ್ಕಾಗಿ ಹೊಸ ಅಕ್ಕಿಗೆ ಕಾಯುತ್ತಾರೆ.

ಅಸಾಕುಸದಲ್ಲಿ ಯಾದೊರೊಕು ಎಂಬ ಅಂಗಡಿಯಿದೆ. 1954ರಿಂದ ನಡೆಯುತ್ತಿರುವ ಇದನ್ನು ಟೋಕಿಯೊದ ಅತ್ಯಂತ ಹಳೆಯ ಒನಿಗಿರಿ ಅಂಗಡಿ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಂತೆವು. ಒಳಗೆ ಕೆಲವೇ ಆಸನಗಳು, ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಹೂರಣಗಳು. ಇಲ್ಲಿ ಅನ್ನ ಬಿಸಿ. ಹೇಳಿದ ಮೇಲೆಯೇ ಕಟ್ಟುತ್ತಾರೆ. ನಾನು ನೋಡಿದ್ದು ಕೈಗಳನ್ನು. ಅಂಗೈಯಲ್ಲಿ ಅನ್ನ ತಿರುಗುತ್ತದೆ, ಬೆರಳು ಮಡಿಸುತ್ತದೆ, ಮುಗಿಯಿತು. ಅದುಮಿದಂತೆ ಕಾಣಲೇ ಇಲ್ಲ. ಬಿದಿರಿನ ತಟ್ಟೆಯಲ್ಲಿ ಬಂದ ಉಂಡೆಯ ಹೊರಮೈ ಮಾತ್ರ ಕೂಡಿಕೊಂಡಿತ್ತು. ಬಾಯಿಗಿಟ್ಟರೆ ಒಳಗಿನ ಅನ್ನ ಅಗುಳು ಅಗುಳಾಗಿ ಬಿಡಿಸಿಕೊಂಡಿತು.

ಒನಿಗಿರಿ ಎಂಬ ಹೆಸರು ‘ನಿಗಿರು’, ಅಂದರೆ ಮುಷ್ಟಿಯಲ್ಲಿ ಹಿಡಿ ಎಂಬ ಕ್ರಿಯಾಪದದಿಂದ ಬಂದದ್ದು. ಇದಕ್ಕೆ ಒಮುಸುಬಿ ಎಂಬ ಇನ್ನೊಂದು ಹೆಸರಿದೆ, ಅದು ‘ಮುಸುಬು’, ಅಂದರೆ ಕಟ್ಟು ಎಂಬುದರಿಂದ. ಈ ಎರಡು ಪದ ತಿಳಿದ ಕ್ಷಣ ನನಗಾದ ಸಂತೋಷ ಹೇಳತೀರದು. ನಾವೂ ಉಂಡೆಯನ್ನು ಮಾಡುವುದಿಲ್ಲ, ಕಟ್ಟುತ್ತೇವೆ. ಬುತ್ತಿಯನ್ನೂ ಕಟ್ಟುತ್ತೇವೆ.

ಅಸಾಕುಸ ಎಂದ ಮೇಲೆ ನೋರಿಯ ಮಾತು ಬಿಡಲಾಗದು, ಏಕೆಂದರೆ ಕಾಗದದಂತೆ ಹಾಳೆ ಮಾಡಿ ಒಣಗಿಸಿದ ನೋರಿಗೆ ಬಹುಕಾಲ ಅಸಾಕುಸ ನೋರಿ ಎಂದೇ ಹೆಸರಿತ್ತು. ಇದರ ಬೀಜಕಣಗಳು ಬೇಸಗೆಯಲ್ಲಿ ಎಲ್ಲಿ ಅಡಗುತ್ತವೆಂದು ಬೆಳೆಗಾರರಿಗೆ ಗೊತ್ತಿರಲಿಲ್ಲ. ಬೆಳೆ ಅದೃಷ್ಟದ ಮೇಲೆ ನಿಂತಿತ್ತು. 1949ರಲ್ಲಿ ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ಬ್ರಿಟಿಷ್ ವಿಜ್ಞಾನಿ, ತನ್ನ ನಾಡಿನ ಅದೇ ಜಾತಿಯ ಪಾಚಿಯನ್ನು ಪರೀಕ್ಷಿಸಿ, ಅದು ಚಿಪ್ಪುಗಳ ಒಳಗೆ ಬೇರೊಂದು ರೂಪದಲ್ಲಿ ಬದುಕುತ್ತದೆಂದು ತೋರಿಸಿಕೊಟ್ಟರು. ಅದರ ಆಧಾರದ ಮೇಲೆ ಜಪಾನಿನಲ್ಲಿ ನೋರಿಯ ಬೇಸಾಯ ನೆಲೆಗೊಂಡಿತು. ಆಕೆ ಜಪಾನಿಗೆ ಕಾಲಿಟ್ಟವರೇ ಅಲ್ಲ. ಆದರೂ ಕುಮಾಮೊಟೊ ಪ್ರಾಂತ್ಯದ ಉಟೊದಲ್ಲಿ, ಅರಿಯಾಕೆ ಸಮುದ್ರದ ಕಡೆಗೆ, ಆಕೆಯ ಸ್ಮಾರಕವಿದೆ. ಪ್ರತಿವರ್ಷ ಏಪ್ರಿಲ್ 14ರಂದು ನೋರಿ ಬೆಳೆಯುವವರು ಅಲ್ಲಿ ಸೇರಿ ‘ಸಮುದ್ರದ ತಾಯಿ’ಯನ್ನು ನೆನೆಯುತ್ತಾರೆ. ಅಲ್ಲಿಗೆ ಹೋಗಲು ಈ ಸಲ ದಿನಗಳು ಸಾಲಲಿಲ್ಲ, ಆ ಕೊರಗು ಇನ್ನೂ ಇದೆ.

ನಾಲ್ಕನೆಯ ದಿನ ನಗೋಯದವರೆಗೆ ಅತಿವೇಗದ ರೈಲಾದ ಶಿಂಕನ್‌ಸೆನ್, ಅಲ್ಲಿಂದ ನಕತ್ಸುಗಾವಕ್ಕೆ ಬೇರೆ ರೈಲು, ಮುಂದೆ ಬಸ್ಸಿನಲ್ಲಿ ಮಗೋಮೆ. ಎದೊ ಕಾಲದಲ್ಲಿ (1603–1868) ಈಗಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ನಕಸೆಂಡೊ ಹೆದ್ದಾರಿಯಲ್ಲಿ 69 ತಂಗುದಾಣದ ಊರುಗಳಿದ್ದವು. ಅವುಗಳಲ್ಲಿ ಮಗೋಮೆ, ತ್ಸುಮಾಗೊ ಎರಡರ ನಡುವಿನ ಸುಮಾರು 8 ಕಿಲೋಮೀಟರ್ ಕಾಲುದಾರಿ ಇಂದಿಗೂ ನಡೆಯುವವರಿಗಾಗಿ ಉಳಿದಿದೆ. ಚೀಲದಲ್ಲಿ ನಾಲ್ಕು ಒನಿಗಿರಿ ಇಟ್ಟುಕೊಂಡು ಹೊರಟೆವು. ಮಗೋಮೆಯ ಕಲ್ಲು ಹಾಸಿದ ಏರುಬೀದಿಯಲ್ಲೇ ಒಂದು ಪರಿಮಳ ತಡೆಯಿತು. ಅರೆಬರೆ ಕುಟ್ಟಿದ ಅನ್ನವನ್ನು ಕಡ್ಡಿಗೆ ಮೆತ್ತಿ, ಅಕ್ರೋಟು ಬೆರೆಸಿದ ಸಿಹಿ ಮಿಸೊ (ಹುದುಗಿಸಿದ ಸೋಯಾಬೀನಿನ ಗೊಜ್ಜು) ಹಚ್ಚಿ ಕೆಂಡದ ಮೇಲೆ ಸುಡುತ್ತಿದ್ದರು. ಇದು ಗೊಹೆಯ್‌ಮೊಚಿ, ಈ ಬೆಟ್ಟದ ಸೀಮೆಯ ತಿಂಡಿ. ಮೀನಿನ ಸಾರ ಇಲ್ಲವೆಂದು ಕೇಳಿ ಖಚಿತ ಮಾಡಿಕೊಂಡು ಎರಡು ತಿಂದೆ. ಅಂಚು ಕರಿದಂತೆ ಗರಿಗರಿ, ಒಳಗೆ ಮೆದು. ಮಿಸೊ ಸುಟ್ಟ ಕಡೆ ಕೆಂಡದಲ್ಲಿ ಸುಟ್ಟ ಹಲಸಿನಬೀಜದ ಘಮ. ಇಡೀ ಪ್ರವಾಸದಲ್ಲಿ ಬಾಯಿಗೆ ಇಷ್ಟು ಹಿತವಾದದ್ದು ಬೇರೆ ಇಲ್ಲ.

ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ತೂಗುಹಾಕಿದ್ದಾರೆ. ಕರಡಿಗಳು ದೂರ ಸರಿಯಲೆಂದು ಬಾರಿಸಿ ಮುಂದೆ ಹೋಗಬೇಕು. ಮೇಪಲ್ ಎಲೆಗಳು ಕೆಂಪಾಗಿದ್ದವು, ಮನೆಗಳ ಸೂರಿನಡಿ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣುಗಳು ಮಾಲೆಯಾಗಿ ಒಣಗುತ್ತಿದ್ದವು. ಕಾಡಿನ ನಡುವೆ ಒಂದು ಹಳೆಯ ಮರದ ಮನೆಯಲ್ಲಿ ದಾರಿಹೋಕರಿಗೆ ಬಿಸಿ ಚಹಾ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಮಧ್ಯದ ಒಲೆಯಲ್ಲಿ ಹೊಗೆ, ಮೇಲೆ ಮಸಿಗಟ್ಟಿದ ತೊಲೆಗಳು. ಅಲ್ಲಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ನಡೆದು ದಣಿದ ಬಾಯಿಗೆ ಆ ತಣ್ಣನೆಯ ಅನ್ನ, ನಡುವಿನ ಉಪ್ಪುಹುಳಿ, ಮೇಲೊಂದು ಗುಟುಕು ಬಿಸಿ ಚಹಾ. ಇನ್ನೂರು ವರ್ಷದ ಹಿಂದೆ ಈ ಏರು ಹತ್ತಿದ ಹೊರೆಯಾಳೂ ಹೀಗೆಯೇ ಕುಳಿತು ಗಂಟು ಬಿಚ್ಚಿರಬೇಕು ಎನ್ನಿಸಿತು. ಒನಿಗಿರಿಯ ವಯಸ್ಸು ಅದಕ್ಕಿಂತಲೂ ಬಹಳ ಹೆಚ್ಚು. ಇಶಿಕಾವ ಪ್ರಾಂತ್ಯದಲ್ಲಿ 1987ರಲ್ಲಿ ನೆಲ ಅಗೆದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ, ಕರಿಕಾಗಿ ಹೋದ ಅನ್ನದ ಗಟ್ಟಿಯೊಂದು ಸಿಕ್ಕಿತು. ಅದಕ್ಕೂ ಮುಕ್ಕೋನದ ಆಕಾರವಿತ್ತು.

ಒಸಾಕದಲ್ಲಿ ಕಳೆದದ್ದು ಒಂದೇ ಸಂಜೆ. ದೊತೊನ್‌ಬೊರಿಯ ದೀಪಗಳ ಕೆಳಗೆ, ನಮ್ಮ ಪಡ್ಡಿನ ಕಾವಲಿಯಂಥದೇ ಗುಳಿಗಳ ಕಾವಲಿಯಲ್ಲಿ ತಕೊಯಾಕಿ ತಿರುವುತ್ತಿದ್ದವರ ಕೈಚಳಕವನ್ನು ನೋಡುತ್ತ ನಿಂತೆ. ಒಳಗೆ ಆಕ್ಟೋಪಸ್ ತುಂಡು ಇರುವುದರಿಂದ ತಿಂದವರು ನನ್ನವರು. ನನಗೆ ಸುಟ್ಟ ಗೆಣಸು ಸಿಕ್ಕಿತು, ಅದು ಜೇನಿನಂತಿತ್ತು.

ಕೊನೆಯ ಎರಡು ದಿನ ಕೋಬೆಯಲ್ಲಿ. ಎಪ್ಪತ್ತು ದಾಟಿದ ಒಬ್ಬ ತಾಯಿ ನಡೆಸುವ ಪುಟ್ಟ ವಸತಿಗೃಹದಲ್ಲಿ ಇಳಿದೆವು. ಅರ್ಧ ಇಂಗ್ಲಿಷ್, ಅರ್ಧ ಮೊಬೈಲಿನ ಅನುವಾದದಲ್ಲಿ ಮಾತು ನಡೆಯಿತು. ಒನಿಗಿರಿ ಕಟ್ಟಲು ಕಲಿಸಿಕೊಡಿ ಎಂದು ಕೇಳಿದ್ದಕ್ಕೆ ಅವರು ಒಳಗೆ ಕರೆದು ಅನ್ನಕ್ಕಿಟ್ಟರು. ಅಂಗೈ ಒದ್ದೆ ಮಾಡಿಕೊಳ್ಳಬೇಕು, ಎರಡು ಬೆರಳಲ್ಲಿ ಉಪ್ಪು ತೆಗೆದು ಅಂಗೈಗೆಲ್ಲ ಸವರಿಕೊಳ್ಳಬೇಕು, ಉಪ್ಪು ಅನ್ನಕ್ಕೆ ಬೆರೆಸುವುದಲ್ಲ. ಅನ್ನ ಸುಡುತ್ತಿರುವಾಗಲೇ ಕಟ್ಟಬೇಕು. ನಾನು ರಾಗಿಮುದ್ದೆಗೆ ಹಾಕುವ ಬಲ ಹಾಕಿದೆ. ಅವರು ನನ್ನ ಕೈ ಹಿಡಿದು ಸಡಿಲಿಸಿದರು.

ಕೈ ಒರೆಸಿಕೊಳ್ಳುತ್ತ ಅವರು 1995ರ ಮಾತು ತೆಗೆದರು. ಜನವರಿ 17ರ ಬೆಳಗಿನ ಜಾವ 5.46ಕ್ಕೆ ಈ ಊರು ನಡುಗಿತು. ಆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರ ಮನೆಯಲ್ಲಿ ನೀರಿಲ್ಲ, ಅನಿಲವಿಲ್ಲ. ಶಾಲೆಯೊಂದರ ನೆಲದ ಮೇಲೆ ಕಂಬಳಿ ಹೊದ್ದು ಕುಳಿತಿದ್ದಾಗ ಯಾರೋ ಗುರುತಿಲ್ಲದವರು ಬಂದು ಕೈಗೊಂದು ಒಮುಸುಬಿ ಇಟ್ಟರಂತೆ. “ತಣ್ಣಗಿತ್ತು. ಯಾರದೋ ಮನೆಯಲ್ಲಿ ಕಟ್ಟಿದ್ದು ಎಂದು ಆಕಾರ ನೋಡಿಯೇ ತಿಳಿಯಿತು” ಎಂದರು. ಆ ದಿನಗಳಲ್ಲಿ ಸ್ವಯಂಸೇವಕರು ಹಂಚಿದ ಅನ್ನದ ನೆನಪಿಗೆ 2000ದಲ್ಲಿ ಜನವರಿ 17ನ್ನು ಒಮುಸುಬಿ ದಿನವೆಂದು ಗೊತ್ತುಮಾಡಿದ್ದಾರೆ. ಆ ದಿನ ತಾವು ಇಂದಿಗೂ ಕಟ್ಟಿ, ಆರಿದ ಮೇಲೆಯೇ ತಿನ್ನುವುದಾಗಿ ಹೇಳಿದರು. ನನಗೆ ಮಾತು ಹೊರಡಲಿಲ್ಲ. ಅಮ್ಮನ ಅಪ್ಪೆಮಿಡಿಯನ್ನು ತಂದು ಅವರ ಮುಂದಿಟ್ಟೆ. ಒಂದು ಚೂರು ಬಾಯಿಗಿಟ್ಟುಕೊಂಡು ಅವರು ಕಣ್ಣು ಮುಚ್ಚಿದರು, ಉಯೆನೊದಲ್ಲಿ ನಾನು ಮುಚ್ಚಿದಂತೆಯೇ.

ಆ ರಾತ್ರಿ ಅವರಿಗೆ ನಮ್ಮ ಚಿಪ್ಸ್ ಪೊಟ್ಟಣವೊಂದನ್ನು ತೋರಿಸಿ, ನಮ್ಮ ದೇಶದಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕಿಯ ಗುರುತು ಇರುತ್ತದೆಂದು ವಿವರಿಸಿದ್ದೆ. ಮರುದಿನ ಬೆಳಿಗ್ಗೆ ಹೊರಡುವಾಗ ಅವರು ಬಟ್ಟೆಯ ಗಂಟೊಂದನ್ನು ಕೊಟ್ಟರು. ಕಾನ್ಸಾಯ್ ವಿಮಾನ ನಿಲ್ದಾಣದಲ್ಲಿ, ಕಿಟಕಿಯಾಚೆ ಸಮುದ್ರ ಕಾಣುವ ಕಡೆ ಕುಳಿತು ಬಿಚ್ಚಿದೆವು. ಕಾಗದದಲ್ಲಿ ಸುತ್ತಿದ ನಾಲ್ಕು ಉಂಡೆಗಳು, ಮೆತ್ತಗಾಗದಂತೆ ಬೇರೆಯೇ ಮಡಿಸಿಟ್ಟ ನೋರಿ. ಎರಡು ಪೊಟ್ಟಣಗಳ ಮೇಲೆ ಏನೂ ಇರಲಿಲ್ಲ. ಉಳಿದೆರಡರ ಮೇಲೆ ಹಸಿರು ಶಾಯಿಯಲ್ಲಿ ಒಂದು ಚೌಕ, ಚೌಕದೊಳಗೆ ಒಂದು ಚುಕ್ಕಿ.