ಅದಲ್ಲ ಸ್ವಾಮಿ, ಮೂಲ ಯಾವ್ದು?

ಭಾನುವಾರದಿಂದ ಒಂದೇ ಮಾತು ತಲೆಯೊಳಗೆ ಓಡುತ್ತಿದೆ. ಅಮ್ಮನನ್ನು ಟಿಬೆಟನ್ನರ ಊರಾದ ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಮಂಡ್ಯ ಬಿಟ್ಟು, ಹುಣಸೂರಲ್ಲಿ ತಿಂಡಿ ಮುಗಿಸಿ, ಹತ್ತರ ಹೊತ್ತಿಗೆ ಗೋಲ್ಡನ್ ಟೆಂಪಲ್ ಒಳಗಿದ್ದೆವು. ಚಿಕ್ಕಪ್ಪನೂ ಬಂದಿದ್ದರು, ಕಾರು ಅವರದೇ.

ಒಳಗೆ ಆ ಮೂರು ಮೂರ್ತಿಗಳ ಮುಂದೆ ಅಮ್ಮ ನಿಂತವಳು ನಿಂತೇ ಇದ್ದಳು. ನಡುವೆ ಬುದ್ಧ, ಸುಮಾರು 60 ಅಡಿ ಎತ್ತರ. ಒಂದು ಪಕ್ಕ ಪದ್ಮಸಂಭವ, ಇನ್ನೊಂದು ಪಕ್ಕ ದೀರ್ಘಾಯುಸ್ಸಿನ ಬುದ್ಧ ಅಮಿತಾಯುಸ್. ಕೈ ಮುಗಿದಳು, ಸೆರಗು ಹೊದ್ದುಕೊಂಡಳು, ಮತ್ತೆ ಕೈ ಮುಗಿದಳು. ಹೊರಗೆ ಬಂದು ನೆರಳಲ್ಲಿ ಕೂತೆವು. ಅಲ್ಲೇ ಕಟ್ಟೆಯ ಮೇಲೆ ಅರವತ್ತು ದಾಟಿದ ಒಬ್ಬರು ಭಿಕ್ಷು ಜಪಮಾಲೆ ಹಿಡಿದು ಕೂತಿದ್ದರು. ಅಮ್ಮನಿಗೆ ಪಕ್ಕದಲ್ಲಿ ಯಾರಾದರೂ ಇದ್ದರೆ ಮಾತಾಡಿಸದೆ ಇರಲು ಆಗುವುದಿಲ್ಲ.

"ನಿಮ್ದು ಯಾವೂರು ಸ್ವಾಮಿ?"

"ಇಲ್ಲೇ ಅಮ್ಮ. ಒಂದನೇ ಕ್ಯಾಂಪು."

"ಅದಲ್ಲ ಸ್ವಾಮಿ, ಮೂಲ ಯಾವ್ದು?"

ಅವರು ಒಂದು ಮಣಿ ಸರಿಸಿದರು. "ಮೂಲ ಇಲ್ಲಿಂದ್ಲೇ ಹೋಗಿದ್ದಲ್ವಾ ಅಮ್ಮ?" ಎಂದರು.

ಪಿರಿಯಾಪಟ್ಟಣದ ಸಂತೆಯಲ್ಲಿ ಕೇಳುವಂಥದೇ ಕನ್ನಡ. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ, ಕೊಂಕೂ ಇರಲಿಲ್ಲ. ಅಮ್ಮ "ಹೂಂ" ಎಂದು ತಲೆ ಆಡಿಸಿದಳು. ಅವಳಿಗೆ ಅರ್ಥವಾಗಿರಲಿಲ್ಲ ಅಂತ ನನಗೆ ಗೊತ್ತು. ನನಗೂ ಆಗ ಪೂರ್ತಿ ಅರ್ಥವಾಗಲಿಲ್ಲ.

ಸ್ವಲ್ಪ ದೂರದಲ್ಲಿ ಏಳೆಂಟು ವರ್ಷದ ಇಬ್ಬರು ಪುಟ್ಟ ಭಿಕ್ಷುಗಳು ಒಂದೇ ಪುಸ್ತಕದ ಮೇಲೆ ಬಗ್ಗಿಕೊಂಡು ರಾಗವಾಗಿ ಓದುತ್ತಿದ್ದರು. ಕ, ಖ, ಗ, ಙ. ಚ, ಛ, ಜ, ಞ. ಅಮ್ಮ ವರ್ಷಗಟ್ಟಲೆ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವಳು, ಅವಳ ಕಿವಿ ತಪ್ಪುವುದಿಲ್ಲ. ತಟಕ್ಕನೆ ತಿರುಗಿ "ಘ ಬಿಟ್ಟೆ ಕಣ್ ಮಗ" ಎಂದಳು. ಹುಡುಗ ಗಾಬರಿಯಿಂದ ದೊಡ್ಡವರ ಮುಖ ನೋಡಿದ. ಅವರು ನಗುತ್ತಾ "ನಮ್ಮಲ್ಲಿ ಘ ಇಲ್ಲ ಅಮ್ಮ, ಮೂವತ್ತೇ ಅಕ್ಷರ" ಎಂದರು. ಅಮ್ಮ ಆ ಪುಸ್ತಕ ಈಸಿಕೊಂಡು ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು. ಒಂದೂ ಓದಲಾಗಲಿಲ್ಲ, ಆದರೆ ಸಾಲು ಪೂರ್ತಿ ಗೊತ್ತು. ತ, ಥ, ದ, ನ. ಪ, ಫ, ಬ, ಮ. ಹುಡುಗ ಹೇಳುವ ಮೊದಲೇ ಇವಳು ಹೇಳುತ್ತಿದ್ದಳು.

ಇದರ ಹಿಂದಿನ ಕಥೆ ನನಗೆ ಅಲ್ಪಸ್ವಲ್ಪ ಗೊತ್ತಿತ್ತು, ಮನೆಗೆ ಬಂದು ಇನ್ನಷ್ಟು ಓದಿದೆ. ಏಳನೇ ಶತಮಾನದಲ್ಲಿ ಟಿಬೆಟ್ಟಿನ ದೊರೆ ಸೋಂಗ್‌ತ್ಸೆನ್ ಗಾಂಪೊ ತನ್ನ ಮಂತ್ರಿ ಥೋನ್ಮಿ ಸಂಭೋಟನನ್ನು ಅಕ್ಷರ ಕಲಿತು ಬಾ ಎಂದು ಭಾರತಕ್ಕೆ ಕಳಿಸಿದ ಅಂತ ಅವರ ಪರಂಪರೆ ಹೇಳುತ್ತದೆ. ಅವರ ಲಿಪಿಯೂ ಬ್ರಾಹ್ಮಿಯ ಮನೆತನದ್ದು, ನಮ್ಮ ಕನ್ನಡ ಲಿಪಿಯೂ ಅದೇ ಮನೆತನದ್ದು. ಎಂಟನೇ ಶತಮಾನದಲ್ಲಿ ಬೌದ್ಧ ಗುರುಗಳಾದ ಶಾಂತರಕ್ಷಿತ, ಪದ್ಮಸಂಭವ ಇಲ್ಲಿಂದ ಅಲ್ಲಿಗೆ ಹೋದರು, ಸಮ್ಯೆ ಎಂಬ ಮೊದಲ ಮಠ ಎದ್ದಿತು. ಅಮ್ಮ ಕೈ ಮುಗಿದು ಬಂದ ಮೂರ್ತಿಗಳಲ್ಲಿ ಒಂದು ಅದೇ ಪದ್ಮಸಂಭವನದು. 1042ರಲ್ಲಿ ವಿಕ್ರಮಶಿಲೆಯ ಬೌದ್ಧ ವಿದ್ಯಾಪೀಠದ ಪಂಡಿತ ಅತೀಶ ಹೋದ. ಹೋದವರೆಲ್ಲ ಗ್ರಂಥಗಳನ್ನೂ ಒಯ್ದರು, ಅಲ್ಲಿನವರು ಕೂತು ಒಂದೊಂದನ್ನೂ ತಮ್ಮ ಭಾಷೆಗೆ ತಂದರು. ಬುದ್ಧನ ಮಾತುಗಳ ಸಂಗ್ರಹ ಕಂಗ್ಯೂರ್ ಸುಮಾರು 100 ಸಂಪುಟ, ಅದರ ಮೇಲಿನ ವ್ಯಾಖ್ಯಾನಗಳ ತೆಂಗ್ಯೂರ್ 200ಕ್ಕೂ ಜಾಸ್ತಿ. ಆಮೇಲೆ ಇಲ್ಲಿ ನಾಲಂದಾ, ವಿಕ್ರಮಶಿಲೆ ಹಾಳಾದವು, ಎಷ್ಟೋ ಸಂಸ್ಕೃತ ಗ್ರಂಥಗಳ ಮೂಲ ಪ್ರತಿಯೇ ನಮ್ಮಲ್ಲಿ ಉಳಿಯಲಿಲ್ಲ, ಆದರೆ ಟಿಬೆಟಿನ ಭಾಷೆಯಲ್ಲಿ ಅವು ಜೋಪಾನವಾಗಿದ್ದವು. 1959ರಲ್ಲಿ ದಲೈ ಲಾಮಾ ಗಡಿ ದಾಟಿದ ಮೇಲೆ ಇವರಲ್ಲಿ ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ ಬಂದರಲ್ಲ, ಹಾಗೆ ಬಂದವರ ಜೊತೆ ಆ ಓದೂ ಹಿಂದಕ್ಕೆ ಬಂತು.

ವಾಪಸ್ ಬರುವಾಗ ಚಿಕ್ಕಪ್ಪ ಶುರು ಮಾಡಿದರು. "ಮೂರು ಸಾವಿರ ಎಕರೆ ಕಣಮ್ಮ. ನಮ್ಮೋರಿಗೆ ಮೂರು ಗುಂಟೆ ಕೊಡಕ್ಕೆ ಅಳ್ತಾರೆ." ಚಿಕ್ಕಪ್ಪ ಒಳ್ಳೆಯವರು. ನನ್ನ ಪಿಯುಸಿ ಫೀಸು ಕಟ್ಟಿದವರು ಅವರೇ. ಆದರೆ ಒಂದು ಸಲ ಯಾರನ್ನಾದರೂ ಹೊರಗಿನವರು ಅಂತ ತೀರ್ಮಾನ ಮಾಡಿಬಿಟ್ಟರೆ ಆಮೇಲೆ ಅವರ ಕಿವಿಗೆ ಏನೂ ಹೋಗುವುದಿಲ್ಲ. 3,000 ಎಕರೆಗೂ ಹೆಚ್ಚು ಜಾಗವನ್ನು ಆಗಿನ ಮೈಸೂರು ಸರ್ಕಾರ ಕೊಟ್ಟಿದ್ದು ನಿಜ. ಅದು ಕಾಡು. ತಣ್ಣನೆಯ ಬೆಟ್ಟದಿಂದ ಬಂದವರು ನಮ್ಮ ಬಿಸಿಲಲ್ಲಿ ಡೇರೆ ಹಾಕಿಕೊಂಡು, ಆನೆ ಕಾಟದ ನಡುವೆ ಮರ ಕಡಿದು ಜೋಳ ಬಿತ್ತಿದರು. ಇದನ್ನು ಹೇಳಿದೆ. "ಇರಬೋದು" ಎಂದು ರೇಡಿಯೊ ಹಾಕಿದರು.

ರಾತ್ರಿ ಮಲಗಿದಾಗಲೂ ಅದೇ. ಮೂಲ ಇಲ್ಲಿಂದ್ಲೇ ಹೋಗಿದ್ದಲ್ವಾ ಅಮ್ಮ?

'ಇಲ್ಲಿಂದ' ಅಂದರೆ ಬಿಹಾರದಿಂದ ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಬುದ್ಧ ಓಡಾಡಿದ್ದು ಅಲ್ಲಿ, ಸರಿ. ಆದರೆ ನಮ್ಮ ಚಿತ್ರದುರ್ಗದ ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದದ್ದು. ಅಪ್ಪ ಅಮ್ಮನ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಬೇಕು, ನಿಜ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು ಅಂತ ಬ್ರಾಹ್ಮಿಯಲ್ಲಿ ಬರೆಸಿದ್ದಾರೆ. ಕೊನೆಗೆ ಬರೆದವನ ಹೆಸರೂ ಇದೆ. ಚಪಡ. 'ಲಿಪಿಕಾರ' ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ, ಅದು ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಆ ಲಿಪಿ ಬಲ್ಲ ಒಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ಕೂತಿದ್ದ. ಅವನನ್ನೂ ಯಾರೋ ಒಬ್ಬ ಅಮ್ಮ ಕೇಳಿರುತ್ತಾಳೆ, ನಿಂದು ಯಾವೂರಪ್ಪ, ಅದಲ್ಲ, ಮೂಲ ಯಾವ್ದು ಅಂತ.

ಸಿಂಹಳದ ಹಳೆಯ ಇತಿಹಾಸ ಗ್ರಂಥ ಮಹಾವಂಸದಲ್ಲಿ ಇನ್ನೊಂದು ಸಂಗತಿ ಇದೆ. ಅಶೋಕನ ಕಾಲದಲ್ಲಿ ಪಾಟಲಿಪುತ್ರದ ಮೂರನೇ ಸಂಗೀತಿ, ಅಂದರೆ ಭಿಕ್ಷುಗಳ ಮಹಾಸಭೆ, ಮುಗಿದ ಮೇಲೆ ದಿಕ್ಕುದಿಕ್ಕಿಗೆ ಥೇರರನ್ನು, ಅಂದರೆ ಹಿರಿಯ ಭಿಕ್ಷುಗಳನ್ನು, ಕಳಿಸಿದರಂತೆ. ರಕ್ಖಿತ ವನವಾಸಿಗೆ ಬಂದ, ಮಹಾದೇವ ಮಹಿಷಮಂಡಲಕ್ಕೆ. ಮಹಿಷಮಂಡಲ ಎಂದರೆ ನಮ್ಮ ಮೈಸೂರು ಸೀಮೆ ಅಂತ ಹಲವು ವಿದ್ವಾಂಸರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ವನವಾಸಿಯನ್ನು ಬನವಾಸಿ ಅಂತಲೇ ಗುರುತಿಸುತ್ತಾರೆ. ಆಮೇಲೆ ಬೌದ್ಧ ಧರ್ಮ ಇಲ್ಲಿ ಎಷ್ಟು ಕಾಲ ಉಳಿಯಿತು ನೋಡಿ. ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಬೋಧಿಸತ್ವ ಲೋಕೇಶ್ವರನ ಮೂರ್ತಿ ನಿಲ್ಲಿಸಿದರು, ಅದು ಈಗಲೂ ಅದೇ ದೇವಸ್ಥಾನದಲ್ಲಿದೆ. ಬಳ್ಳಿಗಾವಿಯಲ್ಲಿ 1065ರಲ್ಲಿ ಬೌದ್ಧ ವಿಹಾರ ಕಟ್ಟಿದರು. ಡಂಬಳದಲ್ಲಿ 1095ರ ಶಾಸನ ಬೌದ್ಧರ ದೇವತೆ ತಾರಾದೇವಿಯ ಗುಡಿಯ ಮಾತು ಹೇಳುತ್ತದೆ. ಅಶೋಕನಿಂದ ಅಲ್ಲಿಯವರೆಗೆ ಸಾವಿರದ ಮುನ್ನೂರು ವರ್ಷ. ನಮ್ಮ ಮಂಡ್ಯದಲ್ಲಿ ಬಸದಿ ಎಲ್ಲಿದೆ ಎಂದರೆ ಯಾರಾದರೂ ಕಂಬದಹಳ್ಳಿ ತೋರಿಸುತ್ತಾರೆ. ವಿಹಾರ ಎಲ್ಲಿದೆ ಎಂದರೆ ಕಾರು ಹತ್ತಿ ಬೈಲಕುಪ್ಪೆಗೆ ಹೋಗಿ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಸಣ್ಣ ಹಾಲ್ ಇದೆ, ಶೀಟಿನ ಮಾಡು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತಾವು ದೀಕ್ಷೆ ತೆಗೆದುಕೊಂಡು ಲಕ್ಷಾಂತರ ಜನರಿಗೂ ಕೊಟ್ಟರಲ್ಲ, ಆ ದಾರಿ ಹಿಡಿದವರು ಪ್ರತಿ ಹುಣ್ಣಿಮೆಗೆ ಅಲ್ಲಿ ಕೂತು ಪಂಚಶೀಲ ಹೇಳುತ್ತಾರೆ. ಅಮ್ಮನ ಜೊತೆ ಅಂಗನವಾಡಿಯಲ್ಲಿ ಕೆಲಸ ಮಾಡಿದ ಒಬ್ಬರು ಅಕ್ಕ ಅಲ್ಲಿಗೆ ಹೋಗುತ್ತಾರೆ. ಮೂರು ವರ್ಷದಿಂದ ಬುದ್ಧ ಪೂರ್ಣಿಮೆಗೆ ಕರೆಯುತ್ತಾ ಇದ್ದಾರೆ. ಅಮ್ಮ ಪ್ರತಿ ಸಲ "ನೋಡಾಣ" ಎನ್ನುತ್ತಾಳೆ. ಆ ಬೀದಿಗೆ ನಮ್ಮ ಕಡೆಯವರು ಯಾರೂ ಹೋಗುವುದಿಲ್ಲ, ಯಾಕೆ ಅಂತ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಸಲ ನಾನೂ ಹೊರಟವಳು ಮಳೆ ಅಂತ ನೆಪ ಹೇಳಿ ಉಳಿದೆ. ನೂರು ಕಿಲೋಮೀಟರಿಗೂ ಹೆಚ್ಚು ಹೋಗಿ ಚಿನ್ನದ ಬುದ್ಧನಿಗೆ ಕೈ ಮುಗಿದು ಬಂದೆವು. ಎರಡು ಬೀದಿ ದಾಟಲು ನಮಗೆ ಆಗಿಲ್ಲ. ಇದು ನನಗೆ ನಾಚಿಕೆಯ ವಿಷಯ, ಚಿಕ್ಕಪ್ಪನ ಮೂರು ಸಾವಿರ ಎಕರೆಗಿಂತ ಜಾಸ್ತಿ ನಾಚಿಕೆ. ಚಿಕ್ಕಪ್ಪ ಕಡೇಪಕ್ಷ ಮನಸ್ಸಲ್ಲಿದ್ದದ್ದನ್ನು ಬಾಯಿ ಬಿಟ್ಟು ಹೇಳಿದರು.

ಇವತ್ತು ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದಳು.

"ಆ ಸ್ವಾಮಿ ಏನಂದ್ರು ಅವತ್ತು, ಇನ್ನೊಂದ್ಸಲ ಹೇಳು."

ಹೇಳಿದೆ. ಚಪಡನ ಕಥೆ ಹೇಳಿದೆ, ಬಳ್ಳಿಗಾವಿದೂ ಹೇಳಿದೆ. ಅಂಬೇಡ್ಕರ್ ಮಾತು ಬಂದಾಗ ಅವಳ ಕೈ ನಿಂತಿತು. ಮೊರದಲ್ಲಿದ್ದ ಕಾಳನ್ನು ಒಂದು ಕಡೆಗೆ ಮಾಡಿದಳು. ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಕೇಳಿದಳು.

"ಅಲ್ಲಿಗೆ ಬಿಳಿ ಸೀರೆನೇ ಉಟ್ಕೊಂಡು ಹೋಗ್ಬೇಕಾ? ಇಲ್ಲಾ, ಇರೋದು ಉಟ್ರೆ ಆಗುತ್ತಾ?"