ಸಾಕ್ಷಿಯಿಲ್ಲದ ಎರಡು ಲಕ್ಷ

ನೀತಿಗೆ ದೇವರು ಬೇಕೇ ಬೇಡವೇ ಎಂಬ ಜಗಳ ಕನ್ನಡದಲ್ಲಿ ಮೊದಲು ಎಡವುವುದೇ ‘ಧರ್ಮ’ ಎಂಬ ಮಾತಿನ ಮೇಲೆ. ಮತವೂ ಧರ್ಮ, ಕರ್ತವ್ಯವೂ ಧರ್ಮ, ಭಿಕ್ಷೆ ಹಾಕಿದರೆ ಅದೂ ಧರ್ಮ. ‘ಧರ್ಮವಿಲ್ಲದೆ ನೀತಿ ಉಂಟೇ?’ ಎಂದು ಕೇಳಿದರೆ ಉತ್ತರ ಪ್ರಶ್ನೆಯೊಳಗೇ ಕೂತಿರುತ್ತದೆ. ಸಂವಿಧಾನದ ಕನ್ನಡ ಪೀಠಿಕೆಯ ‘ಸರ್ವಧರ್ಮ ಸಮಭಾವ’ವೂ ಇಲ್ಲಿ ಕೆಲಸಕ್ಕೆ ಬಾರದು, ಅದು ರಾಜ್ಯ ಹೇಗೆ ನಡೆದುಕೊಳ್ಳಬೇಕು ಎನ್ನುವ ಮಾತು. ಹಾಗಾಗಿ ಮತ, ನೀತಿ, ಸೆಕ್ಯುಲರ್ (ದೇವರನ್ನು ಆಧಾರವಾಗಿ ಹಿಡಿಯದ್ದು) ಎಂಬ ಮೂರೇ ಪದ ಇಟ್ಟುಕೊಳ್ಳೋಣ. ಮತದ ಕಡೆಯಿಂದ ಇಲ್ಲಿ ಕ್ರೈಸ್ತ ನಿಲುವನ್ನು ತೆಗೆದುಕೊಳ್ಳುತ್ತೇನೆ. ಜೊತೆಗೆ ಒಂದು ಉದಾಹರಣೆ.

ಸಾಯುವ ಹೊತ್ತಿನಲ್ಲಿ ಮುದುಕನೊಬ್ಬ ಪಕ್ಕದ ಮನೆಯವನ ಕೈಗೆ 2 ಲಕ್ಷ ರೂಪಾಯಿ ಇಟ್ಟು, ‘ಇದನ್ನ ನನ್ನ ತಂಗಿಗೆ ತಲುಪಿಸಪ್ಪಾ’ ಎನ್ನುತ್ತಾನೆ. ‘ಆಯ್ತಜ್ಜ’ ಎನ್ನುತ್ತಾನೆ ಇವನು. ಸಾಕ್ಷಿಯಿಲ್ಲ, ಚೀಟಿಯಿಲ್ಲ, ತಂಗಿಗೆ ಸುದ್ದಿಯೇ ಇಲ್ಲ. ಮುದುಕ ತೀರಿಹೋದ. ತಂಗಿ ಉಂಡು ಉಟ್ಟು ಸುಖವಾಗಿದ್ದಾಳೆ. ಬೀದಿಯ ಕೊನೆಯ ಮನೆಯ ಮಗುವಿನ ಆಪರೇಷನ್ನಿಗೆ ಸರಿಯಾಗಿ ಅಷ್ಟೇ ಹಣ ಬೇಕಾಗಿದೆ.

ಇಲ್ಲಿ ಮೂರು ಪ್ರಶ್ನೆಗಳಿವೆ. ಇವನು ಮಾತು ಉಳಿಸಿಕೊಳ್ಳುತ್ತಾನೆಯೇ? ಉಳಿಸಿಕೊಳ್ಳಬೇಕೆಂದು ಇವನಿಗೆ ಹೇಗೆ ಗೊತ್ತು? ಕೊಟ್ಟ ಮಾತು ಕಟ್ಟುಬೀಳಿಸುವುದಾದರೂ ಯಾವುದರ ಬಲದಿಂದ? ಎರಡೂ ಕಡೆಯವರ ವಾದ ಹಳ್ಳ ಹಿಡಿಯುವುದು ಈ ಮೂರನ್ನು ಕಲಸಿದಾಗ.

ಮೊದಲನೆಯದರ ಬಗ್ಗೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಖಡಾಖಂಡಿತವಾಗಿ ಬರೆದ: ದೇವರಿಲ್ಲ ಎನ್ನುವವನನ್ನು ಮಾತು, ಒಪ್ಪಂದ, ಆಣೆ ಯಾವುದೂ ಹಿಡಿದಿಡಲಾರದು, ಆದ್ದರಿಂದ ಅವನನ್ನು ಸಹಿಸುವಂತಿಲ್ಲ. ಅದಕ್ಕೆ ಏಳು ವರ್ಷ ಮೊದಲೇ ಫ್ರೆಂಚ್ ಚಿಂತಕ ಪಿಯರ್ ಬೇಯ್ಲ್ ನಾಸ್ತಿಕರ ಸಮಾಜವೂ ಸರಿಯಾಗಿಯೇ ನಡೆದೀತು ಎಂದು ವಾದಿಸಿದ್ದ. ಲಾಕ್‌ನ ಅನುಮಾನ ಬಹಳ ಕಾಲ ಬಾಳಿತು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಗೆದ್ದ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ ಬ್ರಿಟನ್ನಿನ ಸಂಸತ್ತಿನಲ್ಲಿ ಕೂರಲು 1886ರವರೆಗೆ ಹೆಣಗಬೇಕಾಯಿತು, ಅಡ್ಡ ಬಂದದ್ದು ದೇವರ ಹೆಸರಿನ ಪ್ರಮಾಣವಚನ. ಇಂದು ಈ ಪ್ರಶ್ನೆಯಲ್ಲಿ ಹುರುಳಿಲ್ಲ, ನಂಬುವವರಲ್ಲೂ ನಂಬದವರಲ್ಲೂ ಮಾತಿಗೆ ತಪ್ಪದವರಿದ್ದಾರೆ.

ಎರಡನೆಯದರಲ್ಲಿ ಜಗಳವೇ ಕಡಿಮೆ. ಬೈಬಲ್ಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ 2:14–15ರಲ್ಲಿ ಅಪೊಸ್ತಲ ಪೌಲನೇ ಹೇಳುತ್ತಾನೆ, ಯೆಹೂದ್ಯರ ಧರ್ಮಶಾಸ್ತ್ರವಿಲ್ಲದ ಜನರ ಹೃದಯದಲ್ಲೂ ಅದರ ಮಾತು ಬರೆದಿದೆ ಎಂದು. ‘ನಾಸ್ತಿಕರೂ ಒಳ್ಳೆಯವರಿರುತ್ತಾರಲ್ಲ’ ಎನ್ನುವುದು ಆದ್ದರಿಂದ ಕ್ರೈಸ್ತ ನಿಲುವಿಗೆ ಪೆಟ್ಟೇ ಅಲ್ಲ. ಆದರೂ ಪ್ರತಿ ಚರ್ಚೆಯಲ್ಲೂ ಅದನ್ನೇ ಬ್ರಹ್ಮಾಸ್ತ್ರದಂತೆ ಎಸೆಯುತ್ತಾರೆ!

ಕಸುವಿರುವುದು ಮೂರನೆಯದರಲ್ಲಿ. ಒಟ್ಟು ಸುಖವನ್ನೇ ಅಳೆಯುವ ಉಪಯುಕ್ತತಾವಾದಿ ಹಣವನ್ನು ಮಗುವಿಗೆ ಕೊಡು ಎಂದಾನು. ‘ಹಾಗಾದರೆ ಮಾತಿನ ಮೇಲಿನ ನಂಬಿಕೆಯೇ ಹೋದೀತು’ ಎಂದು ಅವನನ್ನು ತಡೆಯಲಾಗದು, ಏಕೆಂದರೆ ಇಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಸಾಕ್ಷಿಯನ್ನು ಉದಾಹರಣೆಯಿಂದ ತೆಗೆದದ್ದು ಇದಕ್ಕೇ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ಮಾತು ಕೊಡುವುದು ಮನುಷ್ಯರು ಕಟ್ಟಿಕೊಂಡ ಏರ್ಪಾಡು. ಸಿಕ್ಕಿಬೀಳದ ಜಾಗದಲ್ಲಿ ಮಾತ್ರ ನಿಯಮ ಮುರಿಯುವ ಜಾಣ ಕಳ್ಳನನ್ನು 1751ರಲ್ಲಿ ಅವನೇ ಎದುರು ನಿಲ್ಲಿಸಿಕೊಂಡು, ಅಂಥವನ ಮನಸ್ಸೇ ಹೇಸದಿದ್ದರೆ ಅವನಿಗೆ ಒಪ್ಪಿಗೆಯಾಗುವ ಉತ್ತರ ಹುಡುಕುವುದು ಕಷ್ಟ ಎಂದು ಒಪ್ಪಿಕೊಂಡ. ಇಷ್ಟು ಪ್ರಾಮಾಣಿಕವಾಗಿ ಕೈಚೆಲ್ಲಿದವರು ಕಡಿಮೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ಅಳತೆಗೋಲಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ: ಎಲ್ಲರೂ ಹೀಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯದು. ಆದರೆ ‘ಸಾಕ್ಷಿಯಿಲ್ಲದಾಗ, ಮಗುವಿನ ಜೀವಕ್ಕಾಗಿ ಮಾತ್ರ’ ಎಂದು ನಿಯಮವನ್ನು ಕತ್ತರಿಸಿಕೊಂಡರೆ ಅವನು ಜಾರಿಕೊಳ್ಳುತ್ತಾನೆ. ಎಷ್ಟು ಕತ್ತರಿಸಬಹುದು ಎಂಬ ತಕರಾರು ಇನ್ನೂ ಮುಗಿದಿಲ್ಲ.

ಕ್ರೈಸ್ತ ನಿಲುವು ಗಟ್ಟಿಯಾಗುವುದು ಇಲ್ಲಿಯೇ. ಬಾಧ್ಯತೆ ಎಂದರೆ ಯಾರಿಗೋ ತೀರಿಸಬೇಕಾದ ಋಣ. ಮುದುಕ ಸತ್ತಿದ್ದಾನೆ, ತಂಗಿಗೆ ಗೊತ್ತಿಲ್ಲ, ಕೇಳುವವರಾರು? ಪ್ರೀತಿಯ ದೇವರು ಎಂಬುದು ಅಮೆರಿಕದ ಕ್ರೈಸ್ತ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್‌ನ ಉತ್ತರ. ನರಕದ ಹೆದರಿಕೆಯನ್ನು ಇದಕ್ಕೆ ಸೇರಿಸಬೇಡಿ. ಅದು ಮೊದಲ ಪ್ರಶ್ನೆಗೆ ಸೇರಿದ್ದು, ಬುಡದ ಮಾತಲ್ಲ.

ಇದಕ್ಕೆ ಎದುರಾಗುವುದು ಸಾಕ್ರಟೀಸ್ ಕೇಳಿದ ಹಳೆಯ ಪ್ರಶ್ನೆ: ದೇವರು ಹೇಳಿದ್ದಕ್ಕೆ ಅದು ಸರಿಯೋ, ಸರಿಯಿದ್ದದ್ದಕ್ಕೆ ದೇವರು ಹೇಳಿದನೋ? ಮೊದಲನೆಯದಾದರೆ ಕ್ರೌರ್ಯವನ್ನೂ ಹೇಳಬಹುದಿತ್ತು, ಎರಡನೆಯದಾದರೆ ಸರಿತನ ದೇವರಿಗಿಂತ ಮುಂಚಿನದು. ಆಡಮ್ಸ್ ಎರಡನ್ನೂ ತಪ್ಪಿಸುತ್ತಾನೆ: ಒಳ್ಳೆಯತನ ದೇವರ ಸ್ವಭಾವವೇ, ಆಜ್ಞೆಯಿಂದ ಹುಟ್ಟುವುದು ಬಾಧ್ಯತೆ ಮಾತ್ರ. ಆಗ ಬೈಬಲ್ಲಿನ ಆದಿಕಾಂಡ 22ರ ಅಬ್ರಹಾಮ ಅಡ್ಡ ನಿಲ್ಲುತ್ತಾನೆ, ಮಗನನ್ನು ಬಲಿಕೊಡು ಎಂಬ ದೇವರ ಅಪ್ಪಣೆ ಹಿಡಿದು. ಕಾಂಟ್ 1798ರಲ್ಲಿ ಕೊಟ್ಟ ಉತ್ತರ ಚುರುಕಾಗಿದೆ: ಮಗನನ್ನು ಕೊಲ್ಲಬಾರದೆಂಬುದು ಖಚಿತ, ಮಾತಾಡಿದ ನೀನು ದೇವರೇ ಎಂಬುದು ಖಚಿತವಲ್ಲ ಎಂದು ಅಬ್ರಹಾಮ ಹೇಳಬೇಕಿತ್ತು. ಪ್ರೀತಿಯಿಲ್ಲದ ಆಜ್ಞೆಗೆ ಕಟ್ಟಿಹಾಕುವ ಬಲವಿಲ್ಲ ಎಂದು ಆಡಮ್ಸ್ ಕೂಡ ಒಪ್ಪುತ್ತಾನೆ. ಹಾಗಿದ್ದರೆ ಬಲವಿರುವುದು ಪ್ರೀತಿಗೋ ಆಜ್ಞೆಗೋ ಎಂದು ಸೆಕ್ಯುಲರ್ ಚಿಂತಕ ಕೇಳುವುದು ನ್ಯಾಯವೇ. ನನಗೆ ಕಾಣುವಂತೆ ಒಳ್ಳೆಯತನದ ವಿಚಾರದಲ್ಲಿ ಇಬ್ಬರದೂ ಸಮಸಮ, ಬಾಧ್ಯತೆಯಲ್ಲಿ ಕ್ರೈಸ್ತರಿಗೆ ಒಂದು ಗೂಟ ಹೆಚ್ಚು. ಅದರ ಬೆಲೆ ಅಬ್ರಹಾಮ.

ಇನ್ನು ಆ 2 ಲಕ್ಷ. ಕ್ರೈಸ್ತ ಬುಡ ಹಿಡಿದವನು ತಂಗಿಗೇ ಕೊಡುತ್ತಾನೆ ಎಂದುಕೊಂಡರೆ ತಪ್ಪು. ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕಳವಿನ ಬಗ್ಗೆ ಬರೆಯುತ್ತ, ಕಡುಕಷ್ಟದಲ್ಲಿರುವ ನೆರೆಯವನನ್ನು ಉಳಿಸಲು ಇನ್ನೊಬ್ಬರದ್ದನ್ನು ಗುಟ್ಟಾಗಿ ತೆಗೆದರೂ ಅದು ಕಳವಲ್ಲ ಎನ್ನುತ್ತಾನೆ. ಆದರೆ ಷರತ್ತು ಬಿಗಿ: ಅಪಾಯ ಕಣ್ಣೆದುರೇ ಇರಬೇಕು, ಬೇರೆ ದಾರಿ ಇರಬಾರದು. ಮಗುವಿನ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದು, ಆ ಆಪರೇಷನ್ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷದ ಮಿತಿಯೊಳಗೆ ಬರುವುದಾದರೆ ಬೇರೆ ದಾರಿ ಇದ್ದಂತಾಯಿತು. ಹಣ ತಂಗಿಗೆ ಹೋಗಬೇಕು.