ಗಾಳಿ ನಿಂತ ಮೇಲೆ ಹೋದರಾಗದಾ?

ದೀಪಾವಳಿ ಹತ್ತಿರ ಬಂದಾಗ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಸಾಕು, ನಾನು ರೈನ್‌ಕೋಟ್ ಹುಡುಕುತ್ತೇನೆ. ನಾನು ರೈನ್‌ಕೋಟ್ ಹುಡುಕಿದರೆ ಸಾಕು, ಮನೆಯಲ್ಲಿ, ಆಫೀಸಿನಲ್ಲಿ, ಚಹಾದ ಅಂಗಡಿಯಲ್ಲಿ ಅದೇ ಪ್ರಶ್ನೆ ಶುರು. "ಹಕ್ಕಿ ನೋಡಲಿಕ್ಕೆ ಈ ಗಾಳಿಮಳೆಯಲ್ಲೇ ಹೋಗಬೇಕಾ? ಸುಮ್ನೆ ಯಾಕೆ ನೆನೀತೀಯಾ? ಗಾಳಿ ನಿಂತ ಮೇಲೆ ಹೋದರಾಗದಾ?"

ಆಗುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರೊಳಗಿನ ಆ 'ಸುಮ್ನೆ'ಗೆ. ಗಾಳಿ ಇದ್ದರೂ ಹೋಗುತ್ತೇನೆ ಅಂತ ಎಲ್ಲರೂ ತಿಳಿದಿದ್ದಾರೆ. ಗಾಳಿ ಇದೆ ಅಂತಲೇ ನಾನು ಹೋಗುವುದು.

ನಾನು ಹೋಗುವ ಜಾಗ ಕುಂದಾಪುರದ ಕೋಡಿ. ಪಂಚಗಂಗಾವಳಿ ಕಡಲಿಗೆ ಸೇರುವ ಅಳಿವೆಯ ಈಚೆ ದಡ, ಆಚೆ ಗಂಗೊಳ್ಳಿ. ಬಿಸಿಲಿನ ದಿನ ಹೋದರೆ ಹಕ್ಕಿಗಳು ಕಾಣುವುದೇ ಕಷ್ಟ. ಇಳಿತದ ಹೊತ್ತಿಗೆ ಮರಳ ದಿಬ್ಬ, ಕೆಸರು ಎಲ್ಲ ತೆರೆದುಕೊಂಡು ಅವು ಎಲ್ಲೆಲ್ಲೋ ಹರಡಿಕೊಂಡಿರುತ್ತವೆ. ಬೈನಾಕ್ಯುಲರ್‌ನಲ್ಲೂ ಚುಕ್ಕಿ ಅಷ್ಟೇ. ಗಾಳಿ ಜೋರಾಗಿ, ಭರತವೂ ಏರಿದಾಗ ಆ ದಿಬ್ಬಗಳು ಮುಳುಗುತ್ತವೆ. ಆಗ ಅವಕ್ಕೆ ಉಳಿಯುವುದು ನಮ್ಮ ದಡದ ಮೇಲ್ಭಾಗದ ಒಣ ಮರಳು, ಒಂದೇ ಪಟ್ಟಿ.

2019ರ ದೀಪಾವಳಿ ನೆನಪಿದೆಯಾ? ಕ್ಯಾರ್ ಚಂಡಮಾರುತ ಬಂದ ವರ್ಷ. 2007ರ ಗೋನು ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಆದದ್ದು ಅದೇ. ನಮ್ಮ ದಡಕ್ಕೆ ಬಡಿಯದೆ ಹೊರಗಿನಿಂದಲೇ ಹೋಯಿತು, ಆದರೆ ಕಡಲನ್ನು ಕಲಕಿಯೇ ಹೋಯಿತು. ಅಕ್ಟೋಬರ್ 26, ಮನೆಯಲ್ಲಿ ನೀರು ತುಂಬುವ ಹಬ್ಬ. ಅಮ್ಮ ಹಂಡೆ ತೊಳೆದುಕೊಡು ಅಂದಿದ್ದರು. ನಾನು ಬೆಳಿಗ್ಗೆಯೇ ಕೋಡಿಗೆ ಹೋದೆ. ಅಮಾವಾಸ್ಯೆ ಹತ್ತಿರದ ಭರತ, ಮೇಲಿಂದ ಈ ಗಾಳಿ. ಮರಳು ಹಾರಿ ಕೆನ್ನೆಗೆ ಚುಚ್ಚುತ್ತಿತ್ತು. ತಡೆಗೋಡೆಯ ಕಲ್ಲಿನ ಮೇಲೆ ಹೋಗಲಿಲ್ಲ, ಅಂಥ ದಿನ ಯಾರೂ ಹೋಗಬಾರದು. ಮೇಲೆ ಎಳೆದಿಟ್ಟ ನಾಡದೋಣಿಯೊಂದರ ಮರೆಗೆ ಕುಳಿತೆ.

ಮೊದಲು ಏನೂ ಕಾಣಲಿಲ್ಲ. ಮರಳು, ಅದರ ಮೇಲೆ ಹಿಂದಿನ ದಿನ ದೋಣಿ ಎಳೆದವರ ಹೆಜ್ಜೆಗುರುತು. ಆಮೇಲೆ ಒಂದು ಹೆಜ್ಜೆಗುರುತು ಕಣ್ಣು ಪಿಳುಕಿಸಿತು.

ಒಂದೊಂದು ಹೆಜ್ಜೆಯ ಗುಳಿಯಲ್ಲೂ ಒಂದೊಂದು ಹಕ್ಕಿ! ಎದೆ ಮರಳಿಗೆ ಒತ್ತಿ, ಮುಖ ಗಾಳಿಯ ಕಡೆ ಮಾಡಿ ಕುಳಿತಿದ್ದವು. ಹಿಮ್ಮಡಿ ಒತ್ತಿದ ಜಾಗ ಸ್ವಲ್ಪ ಆಳ ಅಲ್ವಾ, ಎಲ್ಲವೂ ಅಲ್ಲೇ. ಬೆನ್ನು ನೆಲಕ್ಕೆ ಸಮವಾಗಿ, ಗಾಳಿ ಮೇಲಿಂದಲೇ ಹೋಗುತ್ತಿತ್ತು. ಹತ್ತಿರದ್ದರ ಬೆನ್ನಿನ ಒಂದು ಗರಿ ಮಾತ್ರ ಎದ್ದು ಎದ್ದು ಬೀಳುತ್ತಿತ್ತು. ರೆಪ್ಪೆಗೆ ಮರಳು ಬಡಿದಾಗ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಅಷ್ಟು ಹತ್ತಿರ. ಬೈನಾಕ್ಯುಲರ್ ಕೆಳಗಿಟ್ಟೆ.

ಅವು ಸ್ಯಾಂಡ್ ಪ್ಲೋವರ್‌ಗಳು. ನಮ್ಮ ಕಡೆ ಬರುವವು ಮೊಟ್ಟೆಯಿಟ್ಟು ಮರಿ ಮಾಡುವುದು ಟಿಬೆಟ್, ಲಡಾಖ್, ಪಾಮೀರ್‌ನಂಥ ಎತ್ತರದ ಬಯಲುಗಳಲ್ಲಿ. ತೂಕ ಸುಮಾರು ಒಂದು ಕೋಳಿಮೊಟ್ಟೆಯಷ್ಟು. ಹಿಮಾಲಯ ದಾಟಿ ಬಂದು, ಚಂಡಮಾರುತದ ದಿನ ಕೋಡಿಯ ಮೀನುಗಾರರ ಹೆಜ್ಜೆಯೊಳಗೆ ಕುಳಿತಿದ್ದವು. ಇದನ್ನು ನಾನು ಬಿಸಿಲು ಬಂದ ಮೇಲೆ ಹೇಗೆ ನೋಡಲಿ, ಹೇಳಿ?

"ಪಾಪ" ಅನ್ನುವವರೂ ಇದ್ದಾರೆ. ಗಾಳಿ ಹಕ್ಕಿಗೆ ಯಾವಾಗಲೂ ಶತ್ರುವಲ್ಲ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಅಮುರ್ ಫಾಲ್ಕನ್ ಅನ್ನುವ ಕೆಲವು ಪುಟ್ಟ ಬೇಟೆಹಕ್ಕಿಗಳ ಬೆನ್ನಿಗೆ, ಎಲ್ಲಿಗೆ ಹೋಗುತ್ತವೆ ಅಂತ ತಿಳಿಯಲು, ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟರು. ಅವು ಭಾರತವನ್ನು ಅಡ್ಡ ದಾಟಿ, ಅರಬ್ಬಿ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಆಫ್ರಿಕಾ ಸೇರಿದವು. ಈಶಾನ್ಯದ ಗಾಳಿ ಬೆನ್ನಿಗಿದ್ದರೆ ಅದೇ ಅವಕ್ಕೆ ಬಲ. ಹಾಗಾಗಿ ಕನಿಕರ ಬೇಡ, ಅವಕ್ಕೆ ಬೇಕಾದದ್ದು ಬೇರೆ.

ಅದನ್ನು ನನಗೆ ಹೊಳೆಯುವಂತೆ ಮಾಡಿದ್ದು ಅವತ್ತು ಅಲ್ಲಿಗೆ ಬಂದ ಒಬ್ಬ ಹೆಂಗಸು. ಬಲೆಯ ಮೇಲಿನ ಟಾರ್ಪಾಲ್ ಹಾರಿದೆಯೇನೋ ಅಂತ ನೋಡಲು ಬಂದವರು. "ಈ ಗಾಳಿಗೆ ಎಂತ ಕಾಂಬುಕೆ ಬಂದದ್ದ್ ಮಾರಾಯ್ರೆ?" ಅಂದರು. ಬೆರಳು ತೋರಿಸಿದೆ. ಬಗ್ಗಿ ನೋಡಿದರು, ತುಂಬಾ ಹೊತ್ತು ನೋಡಿದರು. ಸುಮ್ನೆ ಯಾಕೆ ಅಂತ ಕೇಳಲಿಲ್ಲ. ಫೋಟೋ ಸಿಕ್ತಾ ಅಂತಲೂ ಕೇಳಲಿಲ್ಲ. ಇವು ರಾತ್ರಿ ಎಲ್ಲಿರುತ್ತವೆ ಅಂತ ಕೇಳಿದರು.

ನನಗೆ ಬೇಕಾಗಿದ್ದ ಪ್ರಶ್ನೆ ಅದು. ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳಿಲ್ಲ.

ಅವಕ್ಕೆ ಹಗಲು ರಾತ್ರಿಗಿಂತ ನೀರೇ ಮುಖ್ಯ ಅಂದೆ. ನೀರು ಇಳಿದರೆ ಊಟ, ಏರಿದರೆ ವಿಶ್ರಾಂತಿ. ರಾತ್ರಿ ಇಳಿತ ಬಂದರೆ ರಾತ್ರಿಯೂ ಮೇಯುತ್ತವೆ, ಅಷ್ಟು ದೊಡ್ಡ ಕಣ್ಣು ಇರುವುದು ಅದಕ್ಕೇ. ಹಾಗಾದರೆ ಇವು ನಮ್ಮ ಮನೆಯವರ ಹಾಗೆ, ಭರತ-ಇಳಿತ ನೋಡಿ ಹೊರಡುವವು ಅಂದರು. ಆಮೇಲೆ ಬಲೆಯ ಹತ್ತಿರ ನೇರ ಹೋಗದೆ, ತೆಂಗಿನ ಮರಗಳ ಬುಡದಿಂದ ಸುತ್ತು ಹಾಕಿ ಹೋದರು. ನಾನು ಹಾಗೆ ಹೋಗಿ ಅಂತ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗರು ಅಲೆಯ ವಿಡಿಯೋ ಮಾಡಲು ಬೈಕನ್ನು ಮರಳಿಗೇ ಇಳಿಸಿದರು. ಗುಂಪು ಪೂರ್ತಿ ಎದ್ದಿತು. ಗಾಳಿಗೆ ಎದುರಾಗಿ ಹೋಗಲಾರದೆ ಒಂದು ಸುತ್ತು ಹಾಕಿ ಬಂದು ಕುಳಿತಿತು. ಮತ್ತೆ ಬೈಕ್, ಮತ್ತೆ ಎದ್ದಿತು. ಮೂರು ಸಲ. ಅಷ್ಟು ಹಗುರದ ಮೈಯಲ್ಲಿ ಕೂಡಿಟ್ಟ ಕೊಬ್ಬು ಎಷ್ಟಿದ್ದೀತು? ತಿನ್ನಲು ಜಾಗವಿಲ್ಲದ ಹೊತ್ತಲ್ಲಿ ಅದನ್ನು ಹಾರಾಟಕ್ಕೆ ಸುಟ್ಟರೆ ಮತ್ತೆ ತುಂಬುವುದು ಇಳಿತ ಬಂದ ಮೇಲೆಯೇ. ನಾನು ಹೋಗಿ ಹುಡುಗರಿಗೆ ಹೇಳಿದೆ. ಜೋರಾಗಿಯೇ ಹೇಳಿದೆ. ಅವರು ಕೇಳಿದ್ದೇನು ಗೊತ್ತಾ? "ಗಾಳಿ ನಿಂತ ಮೇಲೆ ಬಂದು ನೋಡಬಾರದಾ ಅಣ್ಣಾ?"

ಕರಾವಳಿಯಲ್ಲಿ ಈಗ ಎಷ್ಟೋ ಕಡೆ ಆ ಒಣ ಮರಳ ಪಟ್ಟಿಯೇ ಇಲ್ಲ. ಕಡಲ್ಕೊರೆತಕ್ಕೆ ಕಲ್ಲು ಸುರಿದಿದ್ದಾರೆ, ಭರತದ ಹೊತ್ತಿಗೆ ನೀರು ನೇರ ಕಲ್ಲಿಗೇ ಬಡಿಯುತ್ತದೆ. ಮನೆ ಕಳೆದುಕೊಳ್ಳುವವರ ಮುಂದೆ ನಿಂತು ಕಲ್ಲು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮರಳು ಇನ್ನೂ ಇರುವ ಕಡೆ, ಭರತದ ಎರಡು ಮೂರು ಗಂಟೆ ಬೈಕ್ ಇಳಿಸದೆ, ನಾಯಿ ಬಿಡದೆ ಇರಬಹುದಲ್ಲ. ಗಾಳಿಯ ದಿನ ಅಷ್ಟಾದರೂ ಆಗಬೇಕು. ಅದಕ್ಕಾದರೂ ಒಬ್ಬರು ಅಲ್ಲಿ ಇರಬೇಕು.

ಅವತ್ತು ಮಧ್ಯಾಹ್ನ ದಾಟಿದ ಮೇಲೆ ನೀರು ಇಳಿಯಲು ಶುರುವಾಯಿತು. ಅಳಿವೆಯಲ್ಲಿ ಮೊದಲ ದಿಬ್ಬದ ತುದಿ ಕಂದಾಗಿ ಕಾಣಿಸಿತು. ನನಗಿಂತ ಮೊದಲು ಅವಕ್ಕೆ ಕಂಡಿತ್ತು. ಒಂದು ಎದ್ದು ಮೈ ಕೊಡವಿ ನಾಲ್ಕು ಹೆಜ್ಜೆ ಓಡಿತು, ನಿಂತಿತು. ಇನ್ನೊಂದು ಎದ್ದಿತು. ಮತ್ತೆ ಎಲ್ಲವೂ ಒಟ್ಟಿಗೆ, ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಅಳಿವೆಯ ಕಡೆ ಹೋದವು. ನಾನು ಮನೆಗೆ ಬಂದು ಹಂಡೆ ತೊಳೆದೆ.